ನಿಯಾಜನ ಹೆಬ್ಬೆರಳು

ಚನ್ನಪಟ್ಟಣದ ನಮ್ಮ ಬೊಂಬೆ ಬೀದಿಯಲ್ಲಿ ಹಲ್ಲು ಮಾಡುವವನು ನಿಯಾಜ್ ಒಬ್ಬನೇ. ಅವನಪ್ಪನೂ ನಾನೂ ಮೂವತ್ತು ವರ್ಷ ಅಕ್ಕಪಕ್ಕದ ಲೇತುಗಳಲ್ಲಿ ಕೂತು ಬೊಂಬೆ ಕಡೆದವರು. ನಿಯಾಜನೂ ಆ ಕೆಲಸವನ್ನು ಕರಗತ ಮಾಡಿಕೊಂಡೇ ಆಮೇಲೆ ಹಲ್ಲಿನ ಲ್ಯಾಬೊಂದರಲ್ಲಿ ನಾಲ್ಕು ವರ್ಷ ದುಡಿದ. ಅಪ್ಪ ತೀರಿಕೊಂಡ ಮೇಲೆ ಅದೇ ಶೆಡ್ಡಿನಲ್ಲಿ ಸ್ವಂತ ಲ್ಯಾಬು ತೆರೆದ. ರಾಮನಗರ, ಕನಕಪುರದ ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ಇವನು ಪಿಂಗಾಣಿ ಹಲ್ಲು ಮಾಡಿ ಕಳಿಸುತ್ತಾನೆ. ಬಣ್ಣ ಹೊಂದಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆ ಕಣ್ಣು ಬೊಂಬೆಗೆ ಬಣ್ಣ ಹಾಕುವ ಅರಗಿನ ಕಡ್ಡಿಗಳಿಂದ ಬಂದದ್ದು.

ಹೋದ ವರ್ಷ ಅವನ ಹೆಸರಿಗೆ ಕುತ್ತು ಬಂತು. ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಹಲ್ಲನ್ನು ಸುತ್ತಲೂ ಕಚ್ಚಿ ಕೂರುವ ಟೋಪಿಗಳು. ರಾಮನಗರದ ಡಾಕ್ಟರ್ ಮಹೇಂದ್ರ ಮೊದಲ ಸಲ ಉಗುರಿನಷ್ಟು ತೆಳುವಾದ ಹೊದಿಕೆ ಕೇಳಿದರು. ಕೆಂಗಲ್ ಕಡೆಯ ಶಾಲೆಯ ಮೇಡಂ ಲತಾಮಣಿಯವರ ಮುಂಬಲ್ಲಿಗೆ. ಅಂಥದ್ದು ನಿಲ್ಲುವುದು ಬರೀ ಅಂಟಿನ ಬಲದಿಂದ. ಮೂರನೇ ವಾರ ಮೇಡಂ ಪಾಠ ಮಾಡುತ್ತಿದ್ದಾಗಲೇ ಅದು ಕಳಚಿ ಬಿತ್ತು. ಎರಡನೆಯದು ಹತ್ತು ದಿನವೂ ನಿಲ್ಲಲಿಲ್ಲ.

"ಅಂಟೆಲ್ಲಾ ಹಲ್ಲಿನ ಮೇಲೇ ಉಳ್ಕಂಡೈತೆ ಕಣಯ್ಯ, ನಿನ್ ಪಿಂಗಾಣೀಗೆ ಒಸೀನೂ ಹತ್ತಿಲ್ಲ," ಎಂದರು ಡಾಕ್ಟರು. "ಮೂರನೇದೂ ಬಿದ್ರೆ ನನ್ ಕೆಲ್ಸ ಎಲ್ಲಾ ಬೆಂಗ್ಳೂರಿಗೆ."

ನಿಯಾಜನ ಅರ್ಧ ಕೆಲಸ ಅವರದೇ.

ಮೂರನೆಯದು ಮಾಡುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕೈಗವಸು ತೊಟ್ಟು ಹೊದಿಕೆಯ ಒಳಮೈಗೆ ಆಸಿಡ್ ಹಚ್ಚಿದ. ಆಸಿಡ್ ಕಣ್ಣಿಗೆ ಕಾಣದಂಥ ಗುಳಿಗಳನ್ನು ಕೊರೆಯುತ್ತದೆ, ಅಂಟು ಬೇರು ಬಿಡುವುದು ಅವುಗಳಲ್ಲೇ. ತೊಳೆದು ಒಣಗಿಸಿದಾಗ ಒಳಮೈ ಸೀಮೆಸುಣ್ಣ ಬಳಿದಂತೆ ಮಬ್ಬಾಯಿತು. ಕೈಗವಸು ಕಳಚಿದ. ಡಬ್ಬಿಗೆ ಹಾಕುವ ಮುನ್ನ ಆ ಒಳಮೈಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ.

"ಲೇ, ಏನ್ಲಾ ಮಾಡ್ದೆ ಈಗ?"

"ಏನಿಲ್ಲ ಚಾಚಾ. ಮುಗೀತಲ್ಲ, ಒಂದ್ಸಲ ಬೆರಳಾಡ್ಸಿ ನೋಡ್ದೆ."

ತಾಳೆಗರಿ ಹಿಡಿದು ಹೊಳಪು ಕೊಟ್ಟ ಬೊಂಬೆಯನ್ನು ಹೆಬ್ಬೆರಳಿನಿಂದ ಸವರಿ ನೋಡದೆ ನಾವ್ಯಾರೂ ಬುಟ್ಟಿಗೆ ಹಾಕುವುದಿಲ್ಲ. ಆ ಚಾಳಿ ಅವನಿಗೆ ಹತ್ತಿಸಿದವನು ನಾನೇ.

"ಅರಗು ಹಾಕಕ್ ಮುಂಚೆ ಮರ ಮುಟ್ಟಿದ್ರೆ ನಿಮ್ಮಪ್ಪ ಏನ್ ಮಾಡ್ತಿದ್ದ?"

"ಉಳಿ ಹಿಡಿಯಿಂದ ಬೆರಳಿಗೆ ಒಂದೇಟು ಬಿಡ್ತಿದ್ರು. ಜಿಡ್ಡಾದ್ರೆ ಅರಗು ಎದ್ ಬತ್ತದೆ ಅಂತ."

"ಮತ್ತೆ? ನಿಂಗಿದು ಮುಗ್ದಿರೋ ಬೊಂಬೆ. ಡಾಕ್ಟ್ರಿಗೆ ಇನ್ನೂ ಅರಗು ಹಾಕ್ದಿರೋ ಮರ ಕಣ್ಲಾ. ಬೆಳಗ್ಗೆ ಏನ್ ತಿಂದೆ?"

ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ. "ಪರೋಟ," ಎಂದ.

ಆ ಹೊದಿಕೆಯನ್ನು ಪಕ್ಕಕ್ಕಿಟ್ಟು ಡಾಕ್ಟರಿಗೆ ಫೋನು ಮಾಡಿದ. ಬೇರೆ ಯಾರಾದರೂ ಆಗಿದ್ದರೆ ಅಂಟಿನ ಮೇಲೆ ತಪ್ಪು ಹೊರಿಸುತ್ತಿದ್ದರು. ಇವನು, "ಹಿಂದಿನ ಎರಡಕ್ಕೂ ಬೆರಳು ಮುಟ್ಸಿದ್ದೆ ಸಾ, ತಪ್ಪು ನಂದೇ. ಇದೂ ಕೆಟ್ಟೋಯ್ತು, ಎರಡು ದಿನ ಕೊಡಿ," ಎಂದ.

ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ಈ ಸಲ ಚಿಮ್ಟದಲ್ಲಿ ಹಿಡ್ಕೊಳಯ್ಯ."

ಹೊಸದು ಹೋಗಿ ಹನ್ನೊಂದು ತಿಂಗಳಾಯಿತು, ಮೇಡಂ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತಿದೆ. ರಾಮನಗರದ ಅಚ್ಚುಗಳು ಇವತ್ತಿಗೂ ನಿಯಾಜನ ಶೆಡ್ಡಿಗೇ ಬರುತ್ತವೆ. ಹೆಬ್ಬೆರಳಿನ ಪರೀಕ್ಷೆಯನ್ನು ಅವನು ಬಿಟ್ಟಿಲ್ಲ. ಆಸಿಡ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಮುಗಿಸಿಕೊಳ್ಳುತ್ತಾನೆ.