ಪೆನ್ಷನ್ ಮಾವನ ರಾಜ್ಯಗಳು
ಕಚೇರಿಯವರೆಲ್ಲ ಪೆನ್ಷನ್ ಮಾವ ಎಂದು ಕರೆಯುವ ಈ ಹೆಡ್ ಕ್ಲರ್ಕ್ ರಿಟೈರಾಗಲು ಇನ್ನೂ ಬೇಕಾದಷ್ಟು ವರ್ಷಗಳಿವೆ, ಆದರೆ ಅವರ ಮನಸ್ಸು ಆಗಲೇ ರಿಟೈರಾಗಿ ರಾಜ್ಯ ರಾಜ್ಯ ಸುತ್ತುತ್ತಿದೆ. ಪಕ್ಕದ ರಾಜ್ಯದ ನದಿ, ಬೆಟ್ಟ, ಅರಮನೆ ಒಂದೂ ಅವರಿಗೆ ಗೊತ್ತಿಲ್ಲ. ಅಲ್ಲಿ ಹಳೇ ಪೆನ್ಷನ್ನೋ ಹೊಸದೋ ಎಂಬುದನ್ನು ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಮದುವೆ ಮನೆಯಲ್ಲಿ ಹೊರರಾಜ್ಯದ ಬೀಗರು ಸಿಕ್ಕರೆ ಹುಡುಗನ ಬಗ್ಗೆ ವಿಚಾರಿಸುವುದಿಲ್ಲ, "ನಿಮ್ಮಲ್ಲಿ ಪೆನ್ಷನ್‌ಗೆ ಅಂತ ಸಂಬಳದಿಂದ ಎಷ್ಟು ಹಿಡ್ಕೋತಾರೆ?" ಎನ್ನುತ್ತಾರೆ. ಏನೂ ಹಿಡಿಯುವುದಿಲ್ಲ ಎಂಬ ಉತ್ತರ ಬಂದರೆ ಮುಗಿಯಿತು, "ಅಯ್ಯೋ, ಹುಟ್ಟಿದ್ರೆ ನಿಮ್ಮಲ್ಲಿ ಹುಟ್ಟಬೇಕಿತ್ತು ಕಣ್ರೀ" ಎಂದು ಹೊಟ್ಟೆ ಉರಿದುಕೊಂಡು ಊಟವನ್ನೇ ಅರ್ಧಕ್ಕೆ ಬಿಡುತ್ತಾರೆ. ಲಿಫ್ಟ್ ಇದ್ದರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಾರೆ, ಚಹಾಕ್ಕೆ ಸಕ್ಕರೆ ಮುಟ್ಟುವುದಿಲ್ಲ. "ನೂರು ವರ್ಷ ಬದುಕಿ ಸರ್ಕಾರಾನ ಮುಳುಗಿಸೋ ಪ್ಲಾನು ನಮ್ಮ ಮಾವಂದು" ಎಂದು ಟೈಪಿಸ್ಟ್ ಕಿಚಾಯಿಸಿದರೆ ಮಾವನಿಗೂ ನಗು. ಮೊನ್ನೆ ಬೇರೆ ರಾಜ್ಯದಿಂದ ಆಡಿಟರೊಬ್ಬರು ಬಂದಾಗ ಮಾವ ಎಲ್ಲ ವಿಚಾರಿಸಿಯಾದ ಮೇಲೆ, ಎಲ್ಲರನ್ನೂ ಕೊನೆಗೆ ಕೇಳುವುದನ್ನೇ ದನಿ ತಗ್ಗಿಸಿ ಕೇಳಿದರು: "ಸಾರ್, ನಿಮ್ಮಲ್ಲಿ ನೌಕರ ತೀರಿಹೋದ್ಮೇಲೆ ಪೆನ್ಷನ್ ಅಕ್ಕನಿಗೆ ಬರುತ್ತಾ?" "ಅಕ್ಕನಿಗಾ? ಹೆಂಡ್ತಿಗೆ ಬರುತ್ತೆ, ಮಕ್ಕಳಿಗೆ ಬರುತ್ತೆ." ಮಾವನಿಗೆ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ, ಇರುವುದು ಹೊಲಿಗೆ ಮಿಷನ್ ತುಳಿದು, ತನ್ನ ಮದುವೆಯ ಮಾತೆತ್ತದೆ, ಅವರನ್ನು ಓದಿಸಿದ ಅಕ್ಕ ಒಬ್ಬಳೇ. "ಅಲ್ಲೂ ಇಲ್ವಂತೆ ಕಣಕ್ಕ" ಎಂದು ಸಂಜೆ ಮನೆಗೆ ಬಂದು ಮುಖ ಸಪ್ಪೆ ಮಾಡಿದರು. "ಹಾಗಾದ್ರೆ ನನಗಿಂತ ಮುಂಚೆ ಸಾಯೋ ಹಾಗಿಲ್ಲ ನೀನು" ಎನ್ನುತ್ತ ಅಕ್ಕ ಸಕ್ಕರೆಯಿಲ್ಲದ ಚಹಾ ತಂದು ಕೈಗಿತ್ತಳು.