ಕೆಂಪವ್ವ ಕೆಂಪಗಾದದ್ದು

ನನ್ನ ಅಕ್ಕ ಮುದಕವ್ವನ ಮಗಳು ಹುಟ್ಟಿದಾಗ ಸೂಲಗಿತ್ತಿ ಕೂಸನ್ನು ಬಾಗಿಲ ಬೆಳಕಿಗೆ ಹಿಡಿದು, "ಬಣ್ಣ ಅಜ್ಜಂದು, ಮೂಗು ಮಾತ್ರ ಚಲೋ ಐತ್ರಿ" ಎಂದಳು. ಅಜ್ಜ ಕಪ್ಪಗಿದ್ದ. ಹೆಸರು ಇಡುವ ಹೊತ್ತಿಗೆ ಬಣ್ಣವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೀರಿಹೋದ ಹಿರಿಯರ ಹೆಸರನ್ನೇ ಇಡುವುದು ನಮ್ಮಲ್ಲಿ ರೂಢಿ. ಅಕ್ಕನ ಅತ್ತೆಯ ಹೆಸರು ಕೆಂಪವ್ವ, ಕೂಸೂ ಕೆಂಪವ್ವ ಆಯಿತು.

ನಮ್ಮ ಬೈಲಹೊಂಗಲದ ಕಡೆ ಬಣ್ಣ ಇದ್ದವರನ್ನು ಬೆಳ್ಳಗಿದ್ದಾರೆ ಎನ್ನುವುದು ಕಡಿಮೆ, ಕೆಂಪಗಿದ್ದಾರೆ ಎನ್ನುತ್ತೇವೆ. ಬೆಳ್ಳಗೆ ಎಂದರೆ ನಮಗೆ ಮೈಯಲ್ಲಿ ರಕ್ತವಿಲ್ಲದ ರೋಗಿ ಕಣ್ಣ ಮುಂದೆ ಬರುತ್ತಾನೆ. ಹೀಗಾಗಿ ಹೆಸರು ಒಂದು ಹೇಳುತ್ತಿತ್ತು, ಮುಖ ಒಂದು ಹೇಳುತ್ತಿತ್ತು. ಓಣಿಯ ಹುಡುಗಿಯರಿಗೆ ಆಡಿಕೊಳ್ಳಲು ಅಷ್ಟು ಸಾಕಾಗಿತ್ತು. ನಳದ ಮುಂದೆ ನಿಂತಾಗ, "ಕೆಂಪವ್ವಾ, ಈಟು ಬೆಳಕಿಗೆ ಬಾರಬೇ, ಕಾಣವಲ್ಲಿ" ಎನ್ನುವರು.

"ಕಾಣದಿದ್ರ ಚಲೋನ ಆತು. ನಿಮ್ಮ ಕೊಡದ ಮುಂದ ನನ್ನ ಕೊಡಾ ಇಟ್ಟೇನಿ, ಅದೂ ಕಂಡಿಲ್ಲ ನಿಮಗ" ಎಂದು ಕೆಂಪವ್ವ ತುಂಬಿದ ಕೊಡ ಎತ್ತಿಕೊಂಡು ನಡೆದುಬಿಡುವಳು.

ಗಂಡ ತೀರಿಕೊಂಡ ಮೇಲೆ ನಾನು ಅಕ್ಕನ ಮನೆಗೇ ಬಂದು ನಿಂತಿದ್ದೆ. ಭಾವ ಮೊದಲೇ ಹೋಗಿದ್ದ. ಮೂವರೂ ಹೆಂಗಸರು ಹತ್ತಿಯಿಂದ ಬೀಜ ಬಿಡಿಸುವ ಅರಳೆ ಜಿನ್ನಿಗೆ ಕೆಲಸಕ್ಕೆ ಹೋಗುತ್ತಿದ್ದೆವು. ಬಯಲಿನಲ್ಲಿ ಸುರಿದ ಹತ್ತಿಯ ರಾಶಿಯ ಸುತ್ತ ಕುಳಿತು ಎಲೆಯ ಚೂರು, ಕಾಯಿಯ ಸಿಪ್ಪೆ, ಮಳೆಗೆ ಕೆಟ್ಟ ಎಳೆ ಇವನ್ನೆಲ್ಲ ಆರಿಸಿ ತೆಗೆಯುವ ಕೆಲಸ. ಕೆಂಪವ್ವ ಆರಿಸಿದ ಹತ್ತಿಯನ್ನು ಮತ್ತೊಮ್ಮೆ ಕೈಯಾಡಿಸಿ ನೋಡುವ ಅಗತ್ಯ ಇರಲಿಲ್ಲ. ನಮ್ಮ ಪಕ್ಕದಲ್ಲಿ ಕೂರುತ್ತಿದ್ದ ಹಮೀದಾಬಿ, "ನಿನ್ನ ಕಣ್ಣು ನನಗ ಎರವಲ ಕೊಡ, ಸೂಜಿ ಪೋಣಿಸಿ ಹೊಳ್ಳಿ ಕೊಡತೇನಿ" ಎನ್ನುವಳು.

ಅಕ್ಕನಿಗೂ ನನಗೂ ಕಿರಿಯ ತಮ್ಮ ಸತ್ಯಪ್ಪ. ಕೆಂಪವ್ವನಿಗೆ ಸೋದರಮಾವ. ಆಕೆಯನ್ನು ತೊಟ್ಟಿಲಿಗೆ ಹಾಕಿದ ದಿನವೇ ಇವಳು ಸತ್ಯಪ್ಪನಿಗೆ ಎಂದು ಮಾತಾಗಿತ್ತು. ನವಿಲುತೀರ್ಥದ ಕಟ್ಟೆ ಮುಗಿದು ಕಾಲುವೆಗೆ ನೀರು ಬಿಡತೊಡಗಿದ ಹೊಸತರಲ್ಲಿ ಅವನಿಗೆ ಅಲ್ಲಿ ಕಾಲುವೆಯ ಬಾಗಿಲು ಏರಿಸಿ ಇಳಿಸುವ ಸರಕಾರಿ ಕೆಲಸ ಸಿಕ್ಕಿತು. ಒಂದು ದಿನ ಬಂದವನು ಹೊಸ್ತಿಲಲ್ಲಿ ಕಾಲು ತೊಳೆಯುತ್ತಲೇ, "ಯಕ್ಕಾ, ಇರಾಕ ಖೋಲಿ ಕೊಟ್ಟಾರ. ನಾ ಮಾಡಿದ ರೊಟ್ಟಿ ನಾಯಿನೂ ಮೂಸೂದಿಲ್ಲ. ಬಿತ್ತಿಗಿಗಿಂತ ಮೊದಲ ಲಗ್ನ ಮಾಡಿಬಿಡು" ಎಂದ.

"ರೊಟ್ಟಿ ಮಾಡಾಕ ಬೇಕಾದ್ರ ಖಾನಾವಳಿಗೆ ಹೋಗು ಮಾವಾ" ಎಂದು ಕೆಂಪವ್ವ ಒಳಗಿನಿಂದ ಕೂಗಿದಳು. ಸತ್ಯಪ್ಪ ನಕ್ಕ. ಆ ನಗುವನ್ನು ನಾನು ನೋಡಿದ್ದೇನೆ. ಮನಸ್ಸಿಲ್ಲದವನು ಹಾಗೆ ನಗುವುದಿಲ್ಲ.

ಮುದಕವ್ವನ ಕಿವಿಯಲ್ಲಿ ಮಾತ್ರ ಬೇರೊಂದು ಮಾತು ಕುಳಿತಿತ್ತು. ನಂಟರ ಮದುವೆಯೊಂದರಲ್ಲಿ ಯಾರೋ, "ಸತ್ಯಪ್ಪಗ ನೌಕರಿ ಆತು. ರಾಮದುರ್ಗದವರು ಕೆಂಪನ್ನ ಹುಡುಗಿ ಕೊಡತೇವಿ ಅನ್ನಾಕ ಹತ್ಯಾರ. ಇನ್ನ ಆ ಕರೇಕಿ ಯಾಕ ಬೇಕು ಅವಗ?" ಎಂದಿದ್ದರಂತೆ. ಅಕ್ಕ ಅದನ್ನು ಮನೆಗೆ ತಂದು ಮಗಳ ಮುಂದೆಯೇ ಹೇಳಿದಳು. ಅವತ್ತಿನಿಂದ ಕೆಂಪವ್ವ ಗೋಡೆಯ ಕನ್ನಡಿಯ ಮುಂದೆ ನಿಲ್ಲುವುದು ಹೆಚ್ಚಾಯಿತು.

ಲಗ್ನದ ಜವಳಿ ನೋಡಿ ಬರೋಣವೆಂದು ಮೂವರೂ ಸವದತ್ತಿಗೆ ಹೋದೆವು. ಬಸ್ಸಿನಿಂದ ಇಳಿದ ಕಡೆಯಲ್ಲೇ ಒಂದು ಜೀಪು ನಿಂತಿತ್ತು. ಅದರ ಮೇಲೆ ಧ್ವನಿವರ್ಧಕದ ಕರ್ಣೆ, ಪಕ್ಕಕ್ಕೆ ಕಟ್ಟಿದ ಬಟ್ಟೆಯ ಮೇಲೆ ಒಬ್ಬಳೇ ಹುಡುಗಿಯ ಎರಡು ಮುಖ. ಒಂದು ಇದ್ದಿಲಿನ ಹಾಗೆ, ಇನ್ನೊಂದು ಗುಲಾಬಿಯ ಹಾಗೆ. ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಸಣ್ಣ ಡಬ್ಬಿ ಎತ್ತಿ ಹಿಡಿದು ಕೂಗುತ್ತಿದ್ದ.

"ಅವ್ವಾರ, ಅಕ್ಕಾರ, ಬರ್ರಿ, ನೋಡಾಕೇನ ರೊಕ್ಕಿಲ್ಲ. ಬೊಂಬಾಯಿ ಡಾಕ್ಟರು ಮಾಡಿದ ಮುಲಾಮು. ಸಿನೆಮಾದ ಮಂದಿ ಇದನ್ನ ಹಚ್ಚೂದು, ಹೇಳೂದಿಲ್ಲ ಅಷ್ಟ. ನೀವು ಹುಟ್ಟಿದಾಗ ಕರ್ರಗಿದ್ರೇನು? ಇಲ್ಲ! ಬಿಸಲು ಕರ್ರಗ ಮಾಡೇತಿ, ಒಲಿ ಹೊಗಿ ಕರ್ರಗ ಮಾಡೇತಿ. ಮ್ಯಾಲಿನ ತೊಗಲು ಹೋದ್ರ ಒಳಗಿನ ಬಣ್ಣ ಹೊರಗ ಬರತೈತಿ."

ಮುದಕವ್ವ ಗುಂಪನ್ನು ಸರಿಸಿ ಮುಂದೆ ಹೋದಳು. "ಖರೇನ ಕೆಂಪಗ ಆಗತಾರೇನ್ರಿ?"

ಅವನು ಕೆಂಪವ್ವನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಈ ತಂಗೀನ ಅವ್ವಾರ? ಎಂಥಾ ಮೂಗು, ಎಂಥಾ ಕಣ್ಣು! ಬಣ್ಣ ಒಂದ ಅಡ್ಡ ನಿಂತೈತಿ. ಅಮಾಸಿ ಬರೂದ್ರಾಗ ಕೆಂಪಗ ಆಗಲಿಲ್ಲ ಅಂದ್ರ ಈ ಡಬ್ಬಿ ತಂದು ನನ್ನ ಮಾರೀಗೆ ಬಡೀರಿ" ಎಂದ.

"ಉರಿ ಆಗತೈತೇನ್ರಿ?" ಎಂದು ನಾನು ಕೇಳಿದೆ.

"ಉರೀಬೇಕ್ರೀ! ಉರಿದ್ರ ಔಷಧ ಕೆಲಸಕ್ಕ ಹತ್ತೇತಿ ಅಂತ ತಿಳೀರಿ. ಉರೀತು ಅಂತ ಬಿಟ್ರಿ, ಮುಗೀತು."

ಜವಳಿ ಅಂಗಡಿಗೆ ಹೋಗುವುದು ಹಾಗೆಯೇ ಉಳಿಯಿತು. ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೆಂಪವ್ವ ಬಸ್ಸಿನಲ್ಲಿ ಕುಳಿತಳು. ಮುಚ್ಚಳ ತೆಗೆದು ಮೂಸಿ ನೋಡಿ, "ಚಿಗವ್ವಾ, ಮಲ್ಲಿಗಿ ವಾಸನಿ ಐತಿ" ಎಂದಳು. ಅಷ್ಟು ಸಂತೋಷದ ದನಿಯನ್ನು ಆಕೆಯ ಬಾಯಲ್ಲಿ ನಾನು ಕೇಳಿರಲಿಲ್ಲ.

ಹಚ್ಚಲು ಶುರು ಮಾಡಿ ಸ್ವಲ್ಪ ದಿನಕ್ಕೇ ಗಲ್ಲ, ಹಣೆ ಎಲ್ಲ ಕೆಂಪಾದವು. ಮುದಕವ್ವ ಮಗಳನ್ನು ಅಂಗಳಕ್ಕೆ ಎಳೆದು ತಂದು ಬಿಸಿಲಿಗೆ ನಿಲ್ಲಿಸಿ ನೋಡಿದಳು. "ಕೆಂಪಗಾಗಾಕ ಹತ್ಯಾಳಬೇ! ನೋಡ್ರೀಗ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಬಂದವರೂ ಹೌದು ಎಂದರು. ಯಾರೂ ಸುಳ್ಳು ಹೇಳಲಿಲ್ಲ, ಮುಖ ಕೆಂಪಾಗಿಯೇ ಇತ್ತು. ನಳದ ಮುಂದೆ ಆಡಿಕೊಳ್ಳುತ್ತಿದ್ದ ಹುಡುಗಿಯರೇ ಡಬ್ಬಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಉರಿ ತಡೆಯಲಾಗದೆ ಕೆಂಪವ್ವ ಒದ್ದೆ ಬಟ್ಟೆ ಮುಖದ ಮೇಲೆ ಹಾಕಿಕೊಂಡು ಮಲಗುವಳು. ಬೆಳಿಗ್ಗೆ ಎದ್ದು ಮತ್ತೆ ಹಚ್ಚಿಕೊಳ್ಳುವಳು.

ಹಮೀದಾಬಿ ಬಂದು ಬೆರಳ ತುದಿಯಿಂದ ಗಲ್ಲ ಮುಟ್ಟಿ ನೋಡಿದಳು. ಕೆಂಪವ್ವ ಹಿಂದಕ್ಕೆ ಸರಿದಳು.

"ಮುದಕಕ್ಕಾ, ಇದು ಆ ಕೆಂಪಲ್ಲ. ನನ್ನ ಕೈಮ್ಯಾಲ ಬಿಸಿ ಹಾಲು ಚೆಲ್ಲಿದಾಗ ಹಿಂಗ ಆಗಿತ್ತು. ಇದು ಸುಟ್ಟದ್ದು. ಬಿಡಿಸ ಇದನ್ನ."

ಮುದಕವ್ವನಿಗೆ ಸಿಟ್ಟು ಬಂತು. "ನನ್ನ ಮಗಳು ಈಟು ಚಂದ ಆದ್ಲು ಅಂದ್ರ ಎಲ್ಲಾರ ಕಣ್ಣೂ ಕಿಸುರು" ಎಂದು, ಹಮೀದಾಬಿ ಹೊಸ್ತಿಲು ದಾಟಿದ್ದೇ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮರುದಿನ ಮುಖ ಇನ್ನೂ ಕೆಂಪಾಯಿತು. ದೃಷ್ಟಿ ತೆಗೆದದ್ದು ಗುಣಕ್ಕೆ ಬಂತೆಂದು ಅಕ್ಕ ತಿಳಿದಳು.

ಅದೇ ವಾರ ಸತ್ಯಪ್ಪ ತಾರೀಖು ಕೇಳಲು ಬಂದ. ಪೂರ್ತಿ ಕೆಂಪಗಾದ ಮೇಲೆಯೇ ತೋರಿಸಬೇಕು ಎಂಬ ಹಟ ಅಕ್ಕನದು. ಮಗಳನ್ನು ಒಳಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು.

"ಕೆಂಪಿ ಎಲ್ಲಿ?"

"ಸಿರಸಂಗಿಗೆ ಹೋಗ್ಯಾಳ, ದೇವರಿಗೆ."

"ನನಗ ಹೇಳಿದ್ರ ನಾನ ಕರಕೊಂಡು ಹೋಗತಿದ್ದೆ. ನಮ್ಮ ಕಡೀನ ಅಲ್ಲೇನ ಅದು? ಇರಲಿ, ತಾರೀಖು ಹೇಳಕ್ಕ."

"ಇನ್ನೊಂದೀಟು ದಿನ ತಡಿಯೋ ತಮ್ಮಾ."

"ಯಾಕ ತಡೀಬೇಕು? ನಾನೇನು ಹೊಸಾ ವರಾ ಏನು, ವಿಚಾರ ಮಾಡಾಕ?" ಸತ್ಯಪ್ಪ ಬಾಗಿಲನ್ನೇ ನೋಡುತ್ತಾ ಚಹಾ ಕುಡಿದು ಎದ್ದು ಹೋದ.

ಆಮೇಲೆ ಮುಖದಲ್ಲಿ ಗುಳ್ಳೆ ಎದ್ದವು, ಒಡೆದವು, ತೊಗಲು ಈರುಳ್ಳಿ ಸಿಪ್ಪೆಯ ಹಾಗೆ ಎದ್ದುಬಂತು. ದವಾಖಾನೆಯ ಡಾಕ್ಟರು ಡಬ್ಬಿಯನ್ನು ಮೂಸಿ ನೋಡಿ ತಲೆ ಅಲ್ಲಾಡಿಸಿದರು. "ಇದನ್ನ ಹಚ್ಚಬ್ಯಾಡ್ರಿ, ಬಿಸಲಿಗೆ ಹೋಗಬ್ಯಾಡ್ರಿ. ಕಲೆ ಉಳೀತಾವು. ಹೋದ್ರ ತಾವ ಹೋಗತಾವು, ಆದ್ರ ವರ್ಷಗಟ್ಟಲೆ ಬೇಕು" ಎಂದರು. ಹುಣ್ಣು ಮಾಯ್ದ ಮೇಲೆ ಅವರು ಹೇಳಿದ ಹಾಗೇ ಆಯಿತು. ಗಲ್ಲದ ಮೇಲೆ, ಹಣೆಯ ಮೇಲೆ ಕೆಲವು ಕಡೆ ಬಿಳಿಚಿಕೊಂಡ ಮಚ್ಚೆ, ಕೆಲವು ಕಡೆ ಮೊದಲಿಗಿಂತ ಕಪ್ಪು. ಜಿನ್ನಿನ ಬಯಲಲ್ಲಿ ಕೆಲಸ ಮಾಡುವವಳಿಗೆ ಬಿಸಿಲಿಗೆ ಹೋಗಬೇಡ ಎಂದರೆ ಹೇಗೆ? ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಹೋದಳು.

ಸವದತ್ತಿಯಲ್ಲಿ ಆ ಜೀಪು ಮತ್ತೆ ನಿಂತಿದೆ ಎಂದು ತಿಳಿದಾಗ ಕೆಂಪವ್ವ ತಾನೇ, "ನಡಿ ಚಿಗವ್ವಾ" ಎಂದಳು. ಮುದಕವ್ವ ಬರಲಿಲ್ಲ. ಹೋದಾಗ ಜೀಪಿನ ಸುತ್ತ ಮೊದಲಿನಂತೆಯೇ ಹೆಂಗಸರು. ಕೆಂಪವ್ವ ಡಬ್ಬಿಯನ್ನು ಅವನ ಕೈಯಲ್ಲಿ ಇಟ್ಟು ಸೆರಗು ಸರಿಸಿದಳು.

"ಅಮಾಸಿ ಬರೂದ್ರಾಗ ಅಂದಿದ್ರಿ."

ಅವನಿಗೆ ಗುರುತು ಸಿಕ್ಕಿತು. "ತಂಗೀ, ದೇವರ ಮ್ಯಾಲ ಆಣಿ ಇಟ್ಟು ಹೇಳು. ಕೆಂಪಗ ಆತೋ ಇಲ್ಲೋ?"

ಕೆಂಪವ್ವ ಸುಳ್ಳು ಆಡುವವಳಲ್ಲ. "ಆತು" ಎಂದಳು.

"ಕೇಳಿದ್ರೇನ್ರಿ? ಆತಂತ! ನಾ ಹೇಳಿದ್ದೂ ಅದನ್ನ. ಕೆಂಪಗಾದ ಮ್ಯಾಲ ಈಕಿ ನಡುವ ಬಿಟ್ಲು." ಅವನು ಅವಳ ಗದ್ದಕ್ಕೆ ಕೈ ಹಚ್ಚಿ ಮುಖವನ್ನು ಜನರ ಕಡೆ ತಿರುಗಿಸಿದ. "ಇಲ್ಲಿ ನೋಡ್ರಿ, ಇಲ್ಲಿ ಕರೀದು ಹೋಗೇತಿ. ಇಲ್ಲಿ ಉಳದೈತಿ. ಇನ್ನೊಂದು ಡಬ್ಬಿ ಹಚ್ಚಿದ್ದಿದ್ರ ಪೂರಾ ಹೋಗತಿತ್ತು."

"ಕೈ ತಗೀ!" ಎಂದು ನಾನು ಅವನ ಕೈಯನ್ನು ತಳ್ಳಿದೆ. "ಮುಖಾ ಸುಟ್ಟು ಜಾಹೀರಾತು ಮಾಡಾಕ ಹತ್ತೀಯೇನು?" ಆದರೆ ಅವನ ಬಾಯಿಗೆ ಕರ್ಣೆ ಇತ್ತು, ನನ್ನ ಬಾಯಿಗೆ ಇರಲಿಲ್ಲ. ಕೆಂಪವ್ವ, "ತಗೋಬ್ಯಾಡ್ರವ್ವಾ, ನನ್ನ ನೋಡ್ರಿ" ಎಂದಳು. ಕೆಲವರು ಹಿಂದೆ ಸರಿದರು. ಆಕೆಯ ಮುಖವನ್ನೇ ನೋಡುತ್ತಿದ್ದ ಒಬ್ಬ ತಾಯಿ ಮಾತ್ರ ಪಕ್ಕದವಳಿಗೆ, "ಅರ್ಧ ಹೋಗಿದ್ದು ಖರೇನ ಐತಲ್ಲ" ಎಂದು ಹೇಳಿ ತನ್ನ ಮಗಳಿಗೆ ಒಂದು ಡಬ್ಬಿ ತೆಗೆದುಕೊಂಡಳು.

ಸತ್ಯಪ್ಪ ಬಂದಾಗ ಈ ಬಾರಿ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಕೆಂಪವ್ವ ತಾನೇ ನೀರಿನ ಚೆಂಬು ತಂದಿಟ್ಟಳು. ಅವನು ನೋಡಿದ, ನೋಡಿದವನು ಕಣ್ಣು ನೆಲಕ್ಕೆ ಹಾಕಿದ. ಚೆಂಬಿನ ನೀರು ಕುಡಿದಿಟ್ಟು, "ತಾರೀಖು ಹೇಳಕ್ಕ. ನನ್ನ ಮಾತೇನ ಬದಲಿಲ್ಲ" ಎಂದ. ಮುದಕವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಮಾವಾ, ಅವತ್ತು ನೀ ಬಂದಾಗ ನಾ ಸಿರಸಂಗಿಗೆ ಹೋಗಿರಲಿಲ್ಲ" ಎಂದಳು ಕೆಂಪವ್ವ. "ಬಾಗಲ ಹಿಂದ ಇದ್ದೆ."

"ಗೊತ್ತಿತ್ತು. ಬಳಿ ಸಪ್ಪಳ ಕೇಳಿತ್ತು."

"ಮತ್ತ ಯಾಕ ಕರೀಲಿಲ್ಲ?"

"ಲಗ್ನದ ಹುಡುಗಿ ನಾಚಗೊಂಡಾಳ ಅಂತ ತಿಳಿದೆ."

ಕೆಂಪವ್ವ ಒಮ್ಮೆ ಕಣ್ಣು ಮುಚ್ಚಿ ತೆರೆದಳು. "ಅವತ್ತು ಕರದಿದ್ರ ಹೊರಗ ಬರತಿದ್ದೆ. ಹುಣ್ಣಾಗಿರಲಿಲ್ಲ ಇನ್ನೂ. ಈಗ ನಾ ಒಲ್ಲೆ ಮಾವಾ."

"ಯಾಕ? ನಾ ಬ್ಯಾಡ ಅಂದೆನ?"

"ಅಂದಿಲ್ಲ. ಅಕ್ಕನ ಮಗಳು, ಪಾಪ, ಅಂತ ಕಟಗೋತಿ. ನಿನ್ನ ಮುಂದ ಕುಂತು ದಿನಾ ಆ ಪಾಪಾ ಉಣ್ಣಾಕ ನನ್ನ ಕಡಿಂದ ಆಗೂದಿಲ್ಲ."

"ಪಾಪ ಅಂತ ಯಾರ ಅಂದ್ರು?"

"ಬಂದಾಗಿಂದ ನೀ ನೆಲಾ ನೋಡಾಕ ಹತ್ತೀಯಲ್ಲ."

ಸತ್ಯಪ್ಪ ತಟ್ಟನೆ ತಲೆ ಎತ್ತಿದ. ಅಷ್ಟರಲ್ಲಿ ಕೆಂಪವ್ವ ಖಾಲಿ ಚೆಂಬು ತೆಗೆದುಕೊಂಡು ಒಳಗೆ ಹೋಗಿದ್ದಳು. ಆಮೇಲೆ ಅವನೂ ನಾನೂ ಎಷ್ಟು ಹೇಳಿದರೂ ಆಕೆ ಮಾತು ಬದಲಿಸಲಿಲ್ಲ. ಎರಡು ಸುಗ್ಗಿ ಕಾದು ಅವನು ರಾಮದುರ್ಗದ ಹುಡುಗಿಯನ್ನೇ ಮಾಡಿಕೊಂಡ. ತಂಗೆವ್ವ ಅಂತ, ಒಳ್ಳೆಯ ಹೆಣ್ಣುಮಗಳು. ಕೆಂಪಗಿದ್ದಾಳೆ ಎಂದದ್ದು ಸುಳ್ಳು, ಅವಳೂ ನಮ್ಮೆಲ್ಲರ ಬಣ್ಣದವಳೇ.

ಅಕ್ಕ ಮಾತ್ರ ಮಗಳ ಜೊತೆ ಮಾತನಾಡುವಾಗ ಒಲೆಯನ್ನೋ ಗೋಡೆಯನ್ನೋ ನೋಡಿ ಮಾತನಾಡುವಳು. ಬಡಿಸುವಾಗ ತಾಟನ್ನು ನೋಡುವಳು. ಮೊದಲಿದ್ದ ಬೈಗುಳವೂ ನಿಂತುಹೋಯಿತು. ಕೆಂಪವ್ವ ಆಕೆಗೆ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೋ ಏನೋ. ಜಿನ್ನಿನಲ್ಲಿ ಸೆರಗು ಎಳೆದುಕೊಂಡೇ ಹತ್ತಿ ಆರಿಸಿದಳು, ಮನೆಯಲ್ಲೂ ಅದು ಹಾಗೆಯೇ ಅಭ್ಯಾಸವಾಯಿತು. ನಳದ ಮುಂದೆ ಈಗ ಯಾರೂ ಆಕೆಯನ್ನು ಆಡಿಕೊಳ್ಳುತ್ತಿರಲಿಲ್ಲ. ಸರದಿ ಬಿಟ್ಟುಕೊಡುತ್ತಿದ್ದರು. ಆಕೆಗೆ ಅದು ಬೇಡವಾಗಿತ್ತು.

ಹಾಗೇ ವರ್ಷಗಳು ಹೋದವು. ಮುದಕವ್ವ ತೀರಿಕೊಂಡ ದಿನ ಸತ್ಯಪ್ಪ ನವಿಲುತೀರ್ಥದಿಂದ ಬಂದ. ಅಕ್ಕನ ದೇಹವನ್ನು ಅಂಗಳದಲ್ಲಿ ಕೂರಿಸಿ ನೀರು ಹಾಕುವಾಗ ಕೆಂಪವ್ವ ತಾಯಿಯ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು ಹಿಡಿದಿದ್ದಳು. ಎರಡೂ ಕೈ ತಾಯಿಯ ಮೇಲೆ, ಸೆರಗು ಜಾರಿ ಬೆನ್ನಿಗೆ ಬಿತ್ತು. ಅದನ್ನು ಎಳೆದುಕೊಳ್ಳಲು ಆಕೆಗೆ ಕೈ ಇರಲಿಲ್ಲ. ನೀರು ಆಕೆಯ ಮುಖದ ಮೇಲೂ ಸಿಡಿಯುತ್ತಿತ್ತು, ಬಿಸಿಲು ನೇರ ಬೀಳುತ್ತಿತ್ತು.

ಸತ್ಯಪ್ಪ ನನ್ನ ಪಕ್ಕದಲ್ಲಿ ನಿಂತಿದ್ದ.

"ಅಕ್ಕಾ, ಕೆಂಪಿ ಮಾರಿ ಮ್ಯಾಲಿನ ಕಲೆ ಹೋಗ್ಯಾವಲ್ಲ" ಎಂದ.

ನಾನೂ ನೋಡಿದೆ. ಹೌದು, ಒಂದೂ ಇರಲಿಲ್ಲ. ಹುಟ್ಟಿದಾಗಿನ ಅದೇ ಬಣ್ಣ, ಹದವಾಗಿ, ಮುಖದ ತುಂಬ.

"ಯಾವಾಗ ಹೋದು?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ತಾಟಿನ ಸುತ್ತ ಇದ್ದೆವು. ಆಕೆಗೆ ನೋವಾಗಬಾರದೆಂದು ನಾನೂ ಅಕ್ಕನೂ ಆ ಮುಖವನ್ನು ನೋಡುವುದನ್ನೇ ಬಿಟ್ಟಿದ್ದೆವು.