ಅಮರಪ್ಪನ ಇಂಗ್ಲಿಷ್ ದೊರೆ

ಮೊನ್ನೆ ಸಿಂಧನೂರಿನಿಂದ ಹೊರಟ ಬಸ್ಸು ಬಳಗಾನೂರಿನ ಕಡೆ ಹೊರಳಿದ ಕೂಡಲೇ, ಅಕ್ಕಿ ಗಿರಣಿಯಲ್ಲಿ ಬೇಯುವ ಭತ್ತದ ಹಬೆ ಕಿಟಕಿಯೊಳಗೆ ನುಗ್ಗಿತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಎಂಜಿನಿಯರ್ ನೆನಪಾದ. ನಗಬೇಡಿ, ಈ ಮೂರು ತಾಲೂಕುಗಳಲ್ಲಿ ಅವನ ಚರಿತ್ರೆ ಬಲ್ಲ ಏಕೈಕ ವಿದ್ವಾಂಸ ನಾನೇ.

ಆಗ ನಾನು ಮಸ್ಕಿಯಲ್ಲಿ ಇಂಗ್ಲಿಷ್ ಮಾಸ್ತರ. ಒಂದು ಖೋಲಿ, ಒಂದು ಸ್ಟೋವು, ಮಾತಾಡಿಸಲು ಒಂದು ಹಲ್ಲಿ. ಊರಾಚೆ ಮುಚ್ಚಿಹೋದ ಹತ್ತಿ ಗಿರಣಿಯಲ್ಲಿ ಹಳೆಯ ಉಗಿಯಂತ್ರವೊಂದಿತ್ತು. ಅದರ ಫಿಟ್ಟರ್ ಅಮರಪ್ಪ ಪ್ರತಿ ಅಮಾವಾಸ್ಯೆ ಅದಕ್ಕೆ ಎಣ್ಣೆ ಬಿಟ್ಟು ಕಾಯಿ ಒಡೆಯುತ್ತಿದ್ದ. ತಯಾರಕನ ಹೆಸರಿದ್ದ ಹಿತ್ತಾಳೆ ತಗಡಿಗೆ ವಿಭೂತಿ ಬಳಿದೂ ಬಳಿದೂ, ಆ ಇಂಗ್ಲಿಷ್ ಮನುಷ್ಯ ಎಂದೋ ಶಿವಭಕ್ತನಾಗಿಬಿಟ್ಟಿದ್ದ.

"ಈ ದೊರಿ ಯಾರ್ರೀ ಸರ?" ಎಂದು ಒಂದು ದಿನ ನನ್ನನ್ನು ಕೇಳಿದ.

ಲಿಂಗಸುಗೂರಿನ ಗ್ರಂಥಾಲಯದ ಹರಕು ಪುಸ್ತಕವೊಂದರಲ್ಲಿ ಅವನ ಬಗ್ಗೆ ಎರಡು ಪುಟ ಸಿಕ್ಕವು. ಖೋಲಿಗೆ ಬಂದ ಅಮರಪ್ಪನಿಗೆ ಭಾನುವಾರಕ್ಕೊಂದು ಕಂತು ಹೇಳಿದೆ. ಕಮ್ಮಾರನ ಮಗ, ಎರಕದ ಕಾರ್ಖಾನೆಯಲ್ಲಿ ಕಲಿತ, ತನ್ನದೇ ಶೆಡ್ಡು ಹಾಕಿದ, ಉಗಿಯಂತ್ರಕ್ಕೆ ಗಾಲಿ ಕಟ್ಟಿದ, ಪದಕ ಗೆದ್ದ, ಹಡಗುಗಟ್ಟಲೆ ಯಂತ್ರ ಕಳಿಸಿದ.

"ಮದುವಿ ಆತೇನ್ರಿ ಅವಂದು?"

"ಮುಂದಿನ ವಾರ," ಎಂದೆ.

ಪುಸ್ತಕದ ಕೊನೆಯ ಸಾಲಿನಲ್ಲಿ ಅವನು ಸತ್ತಿದ್ದ. ಅದನ್ನು ಓದಿ ಹೇಳಿದ್ದರೆ ಅಮರಪ್ಪ ಮತ್ತೆ ನನ್ನ ಖೋಲಿಗೆ ಬರಲು ಕಾರಣವೇ ಇರುತ್ತಿರಲಿಲ್ಲ. ಆದ್ದರಿಂದ ಸಾವನ್ನು ಮುಂದೂಡಿದೆ. ಅವನಿಂದ ಸೇತುವೆ ಕಟ್ಟಿಸಿದೆ, ಕಾರ್ಖಾನೆಗೆ ಬೆಂಕಿ ಹಚ್ಚಿದೆ, ಮತ್ತೆ ಎಬ್ಬಿಸಿದೆ. ವರ್ಷದೊಳಗೆ ಅವನಿಗೆ ಆರು ಹೆಣ್ಣುಮಕ್ಕಳಾದವು; ಆರಕ್ಕೂ ಹೆಸರಿಟ್ಟೆ, ನಾಲ್ಕಕ್ಕೆ ಮದುವೆ ಮಾಡಿದೆ.

ಐದನೆಯದಕ್ಕೆ ವರ ಹುಡುಕುತ್ತಿದ್ದಾಗ ಅಮರಪ್ಪ ತಡೆದ. "ಇನ್ನ ಅವನ್ನ ಸಾಯಾಕ ಬಿಡ್ರಿ ಸರ. ದಣದಾನ."

"ನಿನಗ ಹ್ಯಾಂಗ ಗೊತ್ತು?"

"ತಗಡಿನ ಮ್ಯಾಲ ಇಸವಿ ಐತಲ್ರಿ. ಅಂಕಿ ಓದಾಕ ಬರತೈತಿ ನನಗ. ಅಷ್ಟ ವರ್ಷ ಯಾರ ಬದಕ್ತಾರ?"

"ಮತ್ತ ಯಾಕ ಬರ್ತಿದ್ದಿ?"

ಅವನು ಬೀಡಿ ಆರಿಸಿದ. "ನೀವು ಒಬ್ಬರ ಇರ್ತೀರಲ್ರಿ. ಹೊತ್ತು ಹೋಗಾಂಗಿಲ್ಲ ನಿಮಗಂತ."

ಮರುವರ್ಷ ನನಗೆ ವರ್ಗವಾಯಿತು. ಅಮರಪ್ಪ ತೀರಿಹೋದ ಸುದ್ದಿ ಬಹಳ ತಡವಾಗಿ ತಲುಪಿತು. ಆ ಇಂಗ್ಲಿಷ್ ದೊರೆಯ ಆರು ಹೆಣ್ಣುಮಕ್ಕಳ ಹೆಸರು ಈಗಲೂ ನನಗೆ ಬಾಯಿಪಾಠ. ಅಮರಪ್ಪನಿಗೆ ಮಕ್ಕಳಿದ್ದರೋ ಇಲ್ಲವೋ, ಒಮ್ಮೆಯೂ ಕೇಳಲಿಲ್ಲ.

ಮೊನ್ನೆಯ ಆ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಗೊಬ್ಬರದ ಚೀಲ ಹಿಡಿದು ಒಬ್ಬ ಮುದುಕ ಕುಳಿತಿದ್ದ.

"ನಿಮಗ ಮಕ್ಕಳೆಷ್ಟ್ರೀ?" ಎಂದೆ.

"ಮೂವರು. ಯಾಕ್ರೀ, ಕನ್ಯಾ ಏನರ ಅದಾವೇನು?"

"ಇಲ್ರಿ, ಸುಮ್ನ. ಹೇಳ್ರಿ."

ಹೇಳತೊಡಗಿದ. ನಾನು ಇಳಿಯಬೇಕಾದ ಊರು ದಾಟಿಹೋಯಿತು. ಅವನ ಕಥೆಯಲ್ಲಿ ಎರಡನೆಯ ಮಗ ಇನ್ನೂ ಶಾಲೆಗೇ ಸೇರಿರಲಿಲ್ಲ.